ಮುಖದಲ್ಲಿ ಕಾಣದ ನಗು: ಕೈಗಾ ಸೀಮೆಯ ಮನೆಮಂದಿಗೊಂದು ಮನವಿ

ಇಲ್ಲದ ದನಿ ಕೇಳಿಸುವುದು, ಆಧಾರವಿಲ್ಲದ ಸಂಶಯವೇ ಸತ್ಯವೆಂದು ಬೇರೂರುವುದು ಮುಂತಾಗಿ ವಾಸ್ತವದ ಹಿಡಿತ ತಪ್ಪಿಹೋಗುವ ಸ್ಥಿತಿಯನ್ನು ವೈದ್ಯರು ಸೈಕೋಸಿಸ್ ಎನ್ನುತ್ತಾರೆ. ಹದಿಹರೆಯದ ಕೊನೆಯಲ್ಲೋ ಇಪ್ಪತ್ತರ ಆಸುಪಾಸಿನಲ್ಲೋ ಹೆಚ್ಚಾಗಿ ತಲೆದೋರುವ ಈ ಕಾಯಿಲೆ ಸಾಮಾನ್ಯವಾಗಿ ಏಕಾಏಕಿ ಬರುವುದಿಲ್ಲ. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಮೊದಲೇ ನಡೆನುಡಿ ಬದಲಾಗುತ್ತಿರುತ್ತದೆ, ಆ ಬದಲಾವಣೆ ಹಲವರಲ್ಲಿ ಮುಖದ ಮೇಲೂ ಕಾಣುತ್ತದೆ.

ಅಮೆರಿಕದ ಮನಶ್ಶಾಸ್ತ್ರಜ್ಞೆ ಎಲೈನ್ ವಾಕರ್ ಮತ್ತು ಸಂಗಡಿಗರು, ಮುಂದೆ ಸ್ಕಿಜೋಫ್ರೀನಿಯಾಕ್ಕೆ (ದೀರ್ಘಕಾಲ ಕಾಡುವ ಒಂದು ಬಗೆಯ ಸೈಕೋಸಿಸ್) ಒಳಗಾದವರ ಬಾಲ್ಯದಲ್ಲಿ ಮನೆಯವರು ತೆಗೆದಿದ್ದ ಚಲನಚಿತ್ರಗಳನ್ನು ಪರಿಶೀಲಿಸಿ 1993ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದರು. ಆರೋಗ್ಯವಂತ ಒಡಹುಟ್ಟಿದವರಿಗೆ ಹೋಲಿಸಿದಾಗ ಅವರಲ್ಲಿ ಹುಡುಗಿಯರ ಮುಖದಲ್ಲಿ ಸಂತೋಷ ಕಡಿಮೆಯಿತ್ತು, ಹುಡುಗ ಹುಡುಗಿಯರಿಬ್ಬರಲ್ಲೂ ಬೇಸರ, ಸಿಟ್ಟಿನಂಥ ಭಾವಗಳು ಹೆಚ್ಚಿದ್ದವು. ಆದರೆ ಇದು ಗುಂಪುಗಳ ನಡುವಿನ ವ್ಯತ್ಯಾಸವೇ ಹೊರತು ಒಂದು ಮಗುವಿನ ಭವಿಷ್ಯ ಹೇಳುವ ಗುರುತಲ್ಲ. ಮೊಬೈಲಿನಲ್ಲಿರುವ ಹುಟ್ಟುಹಬ್ಬದ ವಿಡಿಯೋ ತೆರೆದು ಯಾರೂ ಗಾಬರಿಪಡಬೇಕಿಲ್ಲ. ಅಪಾಯದ ಅಂಚಿನಲ್ಲಿದ್ದಾರೆಂದು ತಜ್ಞರೇ ಗುರುತಿಸಿದವರಲ್ಲೂ ಮೂರು ವರ್ಷಗಳೊಳಗೆ ಪೂರ್ಣ ಕಾಯಿಲೆಗೆ ಜಾರುವವರು ಸುಮಾರು ಕಾಲುಭಾಗ ಮಾತ್ರ.

ಮುಖ ಹೀಗೆ ಮಂಕಾದವರಿಗೆ ನಿಜವಾದ ಅನ್ಯಾಯ ನಡೆಯುವುದು ಊಟದ ಹೊತ್ತಿನಲ್ಲಿ. ಇಷ್ಟದ ಬಂಗಡೆ ಸಾರು ಬಡಿಸಿದರೂ, ತಂಗಿ ಪಿಯುಸಿ ಪಾಸಾದ ಸುದ್ದಿ ಕೇಳಿದರೂ ತುಟಿಯಂಚು ಅಲುಗಿಸದ ಹುಡುಗನನ್ನು ಮನೆಯವರು ಸೊಕ್ಕಿನವನೆಂದೋ ಪ್ರೀತಿಯಿಲ್ಲದವನೆಂದೋ ಗದರುತ್ತಾರೆ. ಸ್ಕಿಜೋಫ್ರೀನಿಯಾ ಇರುವವರಿಗೆ ಸಿನಿಮಾ ತುಣುಕುಗಳನ್ನು ತೋರಿಸಿ ನಡೆಸಿದ ಪ್ರಯೋಗಗಳಲ್ಲಿ, ಅವರ ಮುಖ ಅಷ್ಟಾಗಿ ಅರಳದಿದ್ದರೂ ಒಳಗಿನ ಭಾವನೆ ಇತರರಷ್ಟೇ ಇದೆಯೆಂದು ಅವರೇ ಹೇಳಿದ್ದು ದಾಖಲಾಗಿದೆ. ಮುಖ ಮೌನವಾದ ಮಾತ್ರಕ್ಕೆ ಮನಸ್ಸು ಕಲ್ಲಾಗಿರುವುದಿಲ್ಲ. ಗದರಿಕೆ ಆ ಮನಸ್ಸಿಗೆ ಪೂರ್ತಿಯಾಗಿ ನಾಟುತ್ತದೆ.

ಆದ್ದರಿಂದ ಕೈಗಾ ಅಣುಸ್ಥಾವರದಲ್ಲಿ ಪಾಳಿ ಮುಗಿಸಿ ಮಲ್ಲಾಪುರದ ಕಾಲೊನಿಗೆ ಬರುವ ತಂದೆಯರಲ್ಲಿ, ಕದ್ರಾ ಮತ್ತು ಅಂಕೋಲೆಯ ಹಳ್ಳಿಗಳ ತಾಯಂದಿರಲ್ಲಿ, ಶಿಕ್ಷಕರಲ್ಲಿ ಈ ವಿನಂತಿ: ಮೊದಲು ನಗುತ್ತಿದ್ದ ಮುಖ ವಾರಗಟ್ಟಲೆ ಮಂಕಾಗಿದ್ದು, ಜೊತೆಗೆ ನಿದ್ದೆಗೆಟ್ಟು, ಗೆಳೆಯರನ್ನು ತೊರೆದು, ಓದು ಕುಸಿದು, ಸಂಶಯ ಹೆಚ್ಚುತ್ತಿದ್ದರೆ ಗಾಳಿ ಸೋಂಕೆಂದು ಕಾಲ ಕಳೆಯದಿರಿ. ಹರಕೆ ಹೊರುವುದನ್ನು ಯಾರೂ ಬೇಡವೆನ್ನುವುದಿಲ್ಲ, ಆದರೆ ಅದೇ ವಾರದಲ್ಲಿ ಕಾರವಾರದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯ ಮನೋವೈದ್ಯರನ್ನೂ ಕಾಣಬೇಕು. ಸರ್ಕಾರದ ವೆಚ್ಚದಲ್ಲಿ ನಡೆಯುವ ಸೇವೆಗಳಲ್ಲಿ ಮಾನಸಿಕ ಆರೋಗ್ಯ ಆರೈಕೆ ಪಡೆಯುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಪ್ರತಿಯೊಬ್ಬರಿಗೂ ಕೊಟ್ಟಿರುವ ಹಕ್ಕು. ಅಷ್ಟು ದೂರ ಹೋಗಲು ಅಳುಕಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಬಹುದು. ಅದು ಉಚಿತ, ಹಗಲು ರಾತ್ರಿ ತೆರೆದಿರುತ್ತದೆ, ಕನ್ನಡದಲ್ಲೇ ಮಾತಾಡಬಹುದು.