ಬೆಂದ್ರ್ ತೀರ್ಥಕ್ಕೆ ಥರ್ಮಾಮೀಟರ್ ಹಿಡಿದು

ಪ್ರವಾಸವೆಂದರೆ ದೂರ ಹೋಗಲೇಬೇಕು ಎಂಬುದು ಹೆಚ್ಚಿನವರ ಲೆಕ್ಕ. ರಜೆ ಹತ್ತಿರವಾದೊಡನೆ ಮಕ್ಕಳು ಲಡಾಖಿನ ಚಿತ್ರಗಳನ್ನು ತೋರಿಸಿ ಹೆತ್ತವರನ್ನು ಕಾಡುತ್ತಾರೆ. ಅವರದೇನೂ ತಪ್ಪಲ್ಲ. ಲಡಾಖ್ ನಮ್ಮ ದೇಶದ ಶೀತಲ ಮರುಭೂಮಿ. ಲೇಹ್ ಪಟ್ಟಣದ ಸುತ್ತ ಬೌದ್ಧ ಮಠಗಳಿವೆ, ಆಲ್ಚಿಯಲ್ಲಿ ಶತಮಾನಗಳಷ್ಟು ಹಳೆಯ ಭಿತ್ತಿಚಿತ್ರಗಳಿವೆ. ಸಿಂಧೂ ನದಿಯ ದಂಡೆಯ ಚುಮಥಾಂಗಿನಲ್ಲಿ, ಅದಕ್ಕೂ ಮೇಲೆ ಪೂಗಾ ಕಣಿವೆಯಲ್ಲಿ ಬಿಸಿನೀರಿನ ಬುಗ್ಗೆಗಳಿವೆ. ಪೂಗಾದಲ್ಲಿ ನೀರು ಸುಮಾರು 84 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಸಮುದ್ರಮಟ್ಟದಿಂದ 4,400 ಮೀಟರಿಗೂ ಹೆಚ್ಚು ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ. ಹಾಗಾಗಿ ಅಲ್ಲಿ ನೀರು ಕುದಿಯಲು ನೂರು ಡಿಗ್ರಿಯವರೆಗೆ ಕಾಯಬೇಕಾಗಿಲ್ಲ.

ಆದರೆ ಕಾಪುವಿನ ಅಥವಾ ಕಾರ್ಕಳದ ಒಂದು ಸಾಮಾನ್ಯ ಸಂಸಾರಕ್ಕೆ ಲಡಾಖ್ ಎಂದರೆ ವರ್ಷದ ಉಳಿತಾಯ. ಕಲೆಯೂ ಬಿಸಿನೀರೂ ಒಂದೇ ಪ್ರವಾಸದಲ್ಲಿ ಬೇಕೆಂದರೆ ನಮ್ಮ ಜಿಲ್ಲೆಗಳಲ್ಲೇ ಎರಡು ದಿನ ಸಾಕು. ಡಿಸೆಂಬರ್ ರಜೆ ಇದಕ್ಕೆ ಒಳ್ಳೆಯ ಸಮಯ. ಯಕ್ಷಗಾನ ಮೇಳಗಳು ತಿರುಗಾಟ ಹೊರಟಿರುತ್ತವೆ, ಹೊಳೆಗಳಲ್ಲಿ ನೀರಿರುತ್ತದೆ, ಬೆಳಗಿನ ಹೊತ್ತು ಹಿತವಾದ ಚಳಿಯೂ ಇರುತ್ತದೆ.

ಮೊದಲ ದಿನ ಕಲ್ಲಿನಿಂದಲೇ ಆರಂಭಿಸಬಹುದು. ಕಾಪುವಿನ ಕಡಲ ಬಂಡೆಯ ಮೇಲೆ 1901ರ ದೀಪಸ್ತಂಭ ನಿಂತಿದೆ. ಅಷ್ಟು ವರ್ಷ ಅಲೆ ಬಡಿದರೂ ಬಂಡೆ ಕದಲಿಲ್ಲ. ಅಲ್ಲಿಂದ ಕಾರ್ಕಳಕ್ಕೆ ಹೋದರೆ 1432ರಲ್ಲಿ ಪ್ರತಿಷ್ಠೆಯಾದ ಗೊಮ್ಮಟನಿದ್ದಾನೆ. ಸುಮಾರು 42 ಅಡಿ ಎತ್ತರದ ಏಕಶಿಲಾ ವಿಗ್ರಹ. ಎದುರಿನ ಚಿಕ್ಕ ಗುಡ್ಡದ ಮೇಲೆ 1586ರ ಚತುರ್ಮುಖ ಬಸದಿ. ಕಂಬ, ಗೋಡೆ, ಮಾಡು ಎಲ್ಲವೂ ಕಲ್ಲೇ. ಶಿಲ್ಪಿಗಳು ಉಳಿ ಹಿಡಿಯುವ ಮೊದಲು ಬಂಡೆಯನ್ನು ಸುತ್ತಿಗೆಯಿಂದ ಬಡಿದು ಕಿವಿಗೊಡುತ್ತಾರೆ. ಗಂಟೆಯಂತೆ ನಾದ ಬಂದರೆ ಕಲ್ಲು ಗಟ್ಟಿ. ಸದ್ದು ಮೊಂಡಾದರೆ ಒಳಗೆಲ್ಲೋ ಬಿರುಕಿದೆ ಎಂದು ತಿಳಿಯುತ್ತಾರೆ. ಒಂದು ಬಿರುಕಿದ್ದರೂ ಗೊಮ್ಮಟನಾಗುವುದಿಲ್ಲ. ಈ ಮಾತನ್ನು ಮಕ್ಕಳು ನೆನಪಿಟ್ಟುಕೊಳ್ಳಲಿ. ಮರುದಿನ ಇದು ಬೇಕಾಗುತ್ತದೆ.

ಮಧ್ಯಾಹ್ನಕ್ಕೆ ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮ. ಬಾಗಿಲು ತೆರೆಯುವ ದಿನ, ವೇಳೆ ಮೊದಲೇ ವಿಚಾರಿಸಿಕೊಂಡು ಹೋಗುವುದು ಮೇಲು. ಬ್ಯಾಂಕ್ ಉದ್ಯೋಗಿಯಾಗಿದ್ದ ವಿಜಯನಾಥ ಶೆಣೈಯವರು ಒಡೆದು ಮಾರಿಹೋಗಲಿದ್ದ ಹಳೆಯ ಮನೆಗಳನ್ನು ಉಳಿಸಲು ಹೊರಟು ಕಟ್ಟಿದ ಲೋಕ ಅದು. ಹರ್ಕೂರಿನ ಮನೆ, ಕುಕನೂರಿನ ಕಮಲ ಮಹಲ್ ಮೊದಲಾದವನ್ನು ಬಿಚ್ಚಿ ತಂದು ಇಲ್ಲಿ ಮತ್ತೆ ಜೋಡಿಸಿದ್ದಾರೆ. ಸಂಜೆ ಉಡುಪಿಯ ಆಸುಪಾಸಿನಲ್ಲಿ ಎಲ್ಲಾದರೂ ಚೆಂಡೆಯ ಸದ್ದು ಕೇಳದೆ ಇರದು. ಒಂದು ಆಟ ನೋಡಿದರೆ ಮೊದಲ ದಿನ ತುಂಬಿತು.

ಎರಡನೆಯ ದಿನ ಪುತ್ತೂರಿಗೆ. ಉಡುಪಿಯಿಂದ ಮಂಗಳೂರಿನ ಮೂಲಕ ಸುಮಾರು 110 ಕಿಲೋಮೀಟರ್. ಅಲ್ಲಿ ಡಾ. ಶಿವರಾಮ ಕಾರಂತರು ಬಾಳಿ ಬದುಕಿದ ಬಾಲವನವಿದೆ. ಯಕ್ಷಗಾನಕ್ಕೆ ಹೊಸ ರೂಪ ಕೊಟ್ಟ ಕಾರಂತರೇ ಮಕ್ಕಳಿಗಾಗಿ ‘ಬಾಲ ಪ್ರಪಂಚ’ವನ್ನೂ ಬರೆದರು. ಕಲೆ ಬೇರೆ, ವಿಜ್ಞಾನ ಬೇರೆ ಎಂದು ಅವರಿಗೆ ಅನಿಸಿರಲಿಲ್ಲ. ಅಲ್ಲಿಂದ ಪಾಣಾಜೆ ರಸ್ತೆಯಲ್ಲಿ ಸಾಗಿದರೆ ಇರ್ದೆ ಗ್ರಾಮ. ಅಲ್ಲಿ ಸೀರೆ ಹೊಳೆಯ ಬದಿಯಲ್ಲಿದೆ ಬೆಂದ್ರ್ ತೀರ್ಥ. ತುಳುವಿನಲ್ಲಿ ‘ಬೆಂದ್ರ್’ ಎಂದರೆ ಬಿಸಿನೀರು. ಥರ್ಮಾಮೀಟರ್ ಎಂಬ ವಸ್ತು ಈ ಊರಿಗೆ ಬರುವ ಮೊದಲೇ ಹಿರಿಯರು ಕೈಯಿಟ್ಟು ನೋಡಿ ಇಟ್ಟ ಹೆಸರು.

ಪೂಗಾದಂತೆ ಇಲ್ಲಿ ಹಬೆ ಏಳುವುದಿಲ್ಲ. ನೀರು ಹೆಚ್ಚುಕಡಿಮೆ ನಮ್ಮ ಮೈಯಷ್ಟೇ ಬಿಸಿ, ಅಂದರೆ 37 ಡಿಗ್ರಿಯ ಆಸುಪಾಸು. ‘ಇಷ್ಟೇನಾ?’ ಎಂದು ಮಕ್ಕಳು ಮೂಗು ಮುರಿಯಬಹುದು. ಆಗ ಹೆತ್ತವರು ಒಂದು ಪ್ರಶ್ನೆ ಕೇಳಲಿ. ಹತ್ತಿರದಲ್ಲಿ ಜ್ವಾಲಾಮುಖಿ ಇಲ್ಲ, ಒಲೆ ಹಚ್ಚಿದವರೂ ಇಲ್ಲ. ಹಾಗಾದರೆ ಈ ನೀರನ್ನು ಕಾಯಿಸಿದವರು ಯಾರು?

ಉತ್ತರ ನೆಲದೊಳಗಿದೆ. ಭೂಮಿಯಲ್ಲಿ ಕೆಳಗಿಳಿದಂತೆ ಪ್ರತಿ ಕಿಲೋಮೀಟರಿಗೆ ಸುಮಾರು 25 ಡಿಗ್ರಿಯಷ್ಟು ಬಿಸಿ ಏರುತ್ತದೆ. ಮಳೆಯ ನೀರು ಬಂಡೆಯ ಬಿರುಕುಗಳಲ್ಲಿ ಆಳಕ್ಕೆ ಇಳಿದು, ಅಲ್ಲಿ ಕಾದು, ಇನ್ನೊಂದು ಬಿರುಕಿನ ದಾರಿ ಹಿಡಿದು ಮೇಲೆ ಬರುತ್ತದೆ. ಸಾಮಾನ್ಯ ಬಾವಿ ನೀರು 27 ಡಿಗ್ರಿ ಎಂದಿಟ್ಟುಕೊಳ್ಳೋಣ. ಹತ್ತು ಡಿಗ್ರಿ ಹೆಚ್ಚಬೇಕಾದರೆ ಹತ್ತನ್ನು ಇಪ್ಪತ್ತೈದರಿಂದ ಭಾಗಿಸಿ: 0.4 ಕಿಲೋಮೀಟರ್. ಅಂದರೆ ಈ ನೀರು ಕನಿಷ್ಠ 400 ಮೀಟರ್ ಆಳಕ್ಕೆ ಹೋಗಿ ಬಂದಿರಬೇಕು. ಮೇಲೇರುವ ದಾರಿಯಲ್ಲಿ ತಣಿಯುವುದರಿಂದ ನಿಜವಾದ ಆಳ ಇನ್ನೂ ಹೆಚ್ಚೇ. ಕಾಪುವಿನ ದೀಪಸ್ತಂಭವನ್ನು ಒಂದರ ಮೇಲೊಂದು ಹತ್ತು ಬಾರಿ ಇಟ್ಟರೂ ಆ ಆಳ ಮುಟ್ಟುವುದಿಲ್ಲ. ನೀರಿಗಿರುವ ಗಂಧಕದ ವಾಸನೆಯೂ ಆ ಆಳದ ಕಲ್ಲುಗಳ ಸಹವಾಸದಿಂದ ಬಂದದ್ದು. ಇಲ್ಲಿ ಮಿಂದರೆ ಚರ್ಮರೋಗ ಗುಣವಾಗುತ್ತದೆ ಎಂದು ನಂಬಿ ಬರುವವರಿದ್ದಾರೆ. ಬೆಚ್ಚನೆಯ ನೀರು ಮೈಗೆ ಹಿತವೆನ್ನುವುದು ನಿಜ. ಆದರೆ ಕಾಯಿಲೆಗೆ ವೈದ್ಯರೇ ಬೇಕು.

ಈಗ ಕಾರ್ಕಳದ ಮಾತನ್ನು ನೆನಪಿಸಬೇಕು. ಅಲ್ಲಿ ಬಿರುಕಿಲ್ಲದ ಕಲ್ಲಿನಿಂದ ಗೊಮ್ಮಟನಾದ. ಇಲ್ಲಿ ಕಲ್ಲಿನಲ್ಲಿ ಬಿರುಕಿದ್ದದ್ದರಿಂದಲೇ ತೀರ್ಥವಾಯಿತು.

ಆದರೆ ಆ ಬಿರುಕಿನ ದಾರಿ ಬಹಳ ನಾಜೂಕು. ಸುತ್ತಮುತ್ತ ಒಂದರ ಹಿಂದೊಂದು ಕೊಳವೆಬಾವಿ ಕೊರೆದು ನೀರೆತ್ತಿದರೆ ಒಳಗಿನ ಒತ್ತಡ ಇಳಿಯುತ್ತದೆ. ಬುಗ್ಗೆ ಸೊರಗಬಹುದು, ತಣ್ಣೀರು ಬೆರೆತು ಬಿಸಿ ಕಳೆದುಕೊಳ್ಳಬಹುದು, ಬತ್ತಿಯೂ ಹೋಗಬಹುದು. ಅಡಿಕೆ ತೋಟ ಒಣಗುವಾಗ ಕೃಷಿಕರು ಬೋರ್‌ವೆಲ್ ಕೊರೆಸುತ್ತಾರೆ; ಅವರನ್ನು ದೂರಿ ಫಲವಿಲ್ಲ. ಮಳೆಗಾಲದಲ್ಲಿ ಹರಿದುಹೋಗುವ ನೀರನ್ನು ಕಟ್ಟ ಕಟ್ಟಿ, ಇಂಗುಗುಂಡಿ ತೋಡಿ ನೆಲಕ್ಕಿಳಿಸಿದರೆ ತೋಟಕ್ಕೂ ಆದೀತು, ತೀರ್ಥಕ್ಕೂ ಆದೀತು. ಮಣಿಪಾಲದಲ್ಲಿ ನೋಡಿದ ಮನೆಗಳನ್ನು ಕಂಬ ಕಂಬ ಬಿಚ್ಚಿ ತಂದು ಮತ್ತೆ ನಿಲ್ಲಿಸಲು ಸಾಧ್ಯವಾಯಿತು. ಬುಗ್ಗೆಯನ್ನು ಹಾಗೆ ಬಿಚ್ಚಿ ತರಲಾಗದು. ಅದು ಹೋದರೆ ಹೋಯಿತು, ಹೆಸರು ಮಾತ್ರ ಉಳಿದೀತು.

ಹೊರಡುವ ಮೊದಲು ತೀರ್ಥದಲ್ಲಿ ನೀರಿದೆಯೇ ಎಂದು ಪುತ್ತೂರಿನ ಕಡೆಯವರನ್ನು ಕೇಳಿಕೊಳ್ಳುವುದು ಒಳ್ಳೆಯದು. ಚೀಲದಲ್ಲಿ ಒಂದು ಥರ್ಮಾಮೀಟರ್ ಮತ್ತು ನೋಟ್ ಪುಸ್ತಕವಿರಲಿ. ಗಾಳಿಯ ಉಷ್ಣತೆ, ಹೊಳೆ ನೀರಿನದ್ದು, ತೀರ್ಥದ್ದು ಎಂದು ಮೂರು ಅಳತೆ ತೆಗೆದು ದಿನಾಂಕ, ವೇಳೆಯೊಡನೆ ಬರೆದಿಟ್ಟುಕೊಳ್ಳಲಿ. ಪುಸ್ತಕವನ್ನು ಶಾಲೆಗೆ ಕೊಟ್ಟರೆ ಮುಂದಿನ ವರ್ಷದ ಮಕ್ಕಳು ಕೆಳಗಿನ ಸಾಲಿನಲ್ಲಿ ತಮ್ಮ ಅಳತೆ ಬರೆಯುತ್ತಾರೆ. ಹತ್ತು ವರ್ಷಗಳಲ್ಲಿ ಹತ್ತು ಸಾಲು. ಬಿಸಿ ಇಳಿಯುತ್ತಿದೆಯೇ ಇಲ್ಲವೇ ಎಂಬುದನ್ನು ಆ ಹತ್ತು ಸಾಲುಗಳೇ ಹೇಳುತ್ತವೆ.