ಬೀಗಕ್ಕೂ ಪೇಟೆಂಟ್

2000ನೇ ಇಸವಿಯ ಬೇಸಿಗೆ. ನ್ಯೂಜೆರ್ಸಿಯ ಸಣ್ಣ ಕಂಪನಿಯೊಂದರ ಸರ್ವರ್‌ಗಳು ನನ್ನ ಉಸ್ತುವಾರಿಯಲ್ಲಿದ್ದವು. ದೂರದಿಂದ ಸರ್ವರ್‌ಗೆ ಲಾಗಿನ್ ಆಗಲು ಬಳಸುತ್ತಿದ್ದ ಟೆಲ್ನೆಟ್‌ನಲ್ಲಿ ಕಳಿಸಿದ ಪಾಸ್‌ವರ್ಡ್ ಪೋಸ್ಟ್‌ಕಾರ್ಡಿನ ಒಕ್ಕಣೆಯಂತೆ. ದಾರಿಯಲ್ಲಿ ಯಾರು ಬೇಕಾದರೂ ಓದಬಹುದು. ಇಂಥ ಕಳವಿನಿಂದ ರೋಸಿಯೇ ಫಿನ್ಲೆಂಡಿನ ತಾತು ಯುಲೊನೆನ್ 1995ರಲ್ಲಿ, ಎಲ್ಲವನ್ನೂ ಗೂಢಲಿಪಿಯಲ್ಲಿ ಕಳಿಸುವ ಎಸ್‌ಎಸ್‌ಎಚ್ ಬರೆದದ್ದು. 1999ರ ಡಿಸೆಂಬರಿನಲ್ಲಿ ಓಪನ್‌ಬಿಎಸ್‌ಡಿ 2.6 ಎಂಬ ಕಾರ್ಯಾಚರಣಾ ವ್ಯವಸ್ಥೆಯ ಜೊತೆ ಅದರ ಮುಕ್ತ ರೂಪವಾದ ಓಪನ್‌ಎಸ್‌ಎಸ್‌ಎಚ್ ಪುಕ್ಕಟೆಯಾಗಿ ಬಂತು. ಆದರೆ ಸಿ.ಡಿ.ಯಲ್ಲಿ ಅದಕ್ಕೆ ಬೇಕಾದ ಗೂಢಲಿಪಿ ವಿಧಾನ ಆರ್‌ಎಸ್‌ಎ ಇರಲಿಲ್ಲ, ಅದಕ್ಕೆ ಪೇಟೆಂಟ್ ಇತ್ತು! ಅಮೆರಿಕದಲ್ಲಿದ್ದವರು ಬೇರೆ ಪ್ಯಾಕೇಜ್ ಇಳಿಸಿಕೊಳ್ಳಬೇಕಿತ್ತು. ಅದೂ ವಾಣಿಜ್ಯೇತರ ಬಳಕೆಗೆ ಮಾತ್ರ, ನಮ್ಮಂಥವರಿಗೆ ದಕ್ಕುವಂತಿರಲಿಲ್ಲ.

ತಮಾಷೆಯೆಂದರೆ, ಆ ಪೇಟೆಂಟ್ ಇದ್ದದ್ದು ಅಮೆರಿಕದಲ್ಲಷ್ಟೇ. 1977ರಲ್ಲಿ ಅರ್ಜಿ ಹಾಕುವ ಮೊದಲೇ ವಿಧಾನ ಪತ್ರಿಕೆಯಲ್ಲಿ ಅಚ್ಚಾಗಿದ್ದರಿಂದ ಹೊರದೇಶಗಳಲ್ಲಿ ಹಕ್ಕು ಸಿಗಲಿಲ್ಲ. ಬೆಂಗಳೂರಿನ ಗೆಳೆಯ ಹಾಯಾಗಿ ಬಳಸುತ್ತಿದ್ದ. ನಾನು ಕಂಪನಿಯ ವಕೀಲರ ಉತ್ತರಕ್ಕೆ ಕಾಯುತ್ತಿದ್ದೆ.

ಕಂಡುಹಿಡಿದವರಿಗೆ ಫಲ ಸಿಗಲಿ, ತಕರಾರಿಲ್ಲ. ಆದರೆ ಆ ಸಂಶೋಧನೆಗೆ ಅಮೆರಿಕದ ನೌಕಾಪಡೆಯ, ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ದುಡ್ಡು ಸೇರಿತ್ತು. ಪೇಟೆಂಟ್ ಪತ್ರದಲ್ಲೇ ಹಾಗೆ ಬರೆದಿದೆ. ತೆರಿಗೆ ಕಟ್ಟಿದವನು ತನ್ನ ಮನೆಯ ಬೀಗಕ್ಕೆ ಮತ್ತೆ ಹದಿನೇಳು ವರ್ಷ ಬಾಡಿಗೆ ಕಟ್ಟಬೇಕೇ? ನನ್ನ ಮಟ್ಟಿಗೆ ಅದು ಸುಲಿಗೆ.

ಅವಧಿ ಮುಗಿಯಲು ಎರಡು ವಾರವಿರುವಾಗ, ಸೆಪ್ಟೆಂಬರ್ 6ರಂದು, ಹಕ್ಕುದಾರರೇ ಅದನ್ನು ಬಿಟ್ಟುಕೊಟ್ಟರು. ಆ ರಾತ್ರಿಯೇ ಟೆಲ್ನೆಟ್ ಮುಚ್ಚಿದೆ.