ಬಣ್ಣದ ಮೀನಿನ ಮರಿ ಕೃಷಿ ಹೊಂಡಕ್ಕ ಬ್ಯಾಡ್ರಿ

ಹೊಂಡ ತೋಡಿಸಿದ ನಮ್ಮ ರೈತ ಅಣ್ಣತಮ್ಮಂದಿರಿಗೆ ಈಗ ಹೊಸ ಆಸೆ ಹುಟ್ಟೈತಿ. ನಾನು ಮನ್ಯಾಗ ಸಾಕಿದ ಹಳದಿ ಮೀನಿನ ಮರಿ ಒಂದು ಬಕೆಟ್ ಕೊಡ್ರಿ, ಹೊಂಡದಾಗ ಬಿಡ್ತೀವಿ ಅಂತಾರ. ನಾನು ಕೊಡೂದಿಲ್ಲ. ಯಾಕಂತ ಬರೀತೀನಿ, ಆಮ್ಯಾಲೆ ಬೈಯ್ರಿ.

ಇವು ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್ ಮೀನು. ಪೇಟ್ಯಾಗ 'ಯೆಲ್ಲೊ ಲ್ಯಾಬ್' ಅಂತಾರ. ಆ ಸರೋವರದ್ದು ಗಡಸು ನೀರು, ಪಿಎಚ್ 8ರ ಆಸುಪಾಸು. ನಮ್ಮ ಬೋರಿನ ನೀರೂ ಹಂಗೇ. ಕೊಡಕ್ಕ ಬಿಳಿ ಕರಿ ಕಟ್ಟತೈತಿ ಅಂತ ನಾವು ಬೈಯೋ ನೀರು ಇವಕ್ಕ ತವರುಮನಿ ಇದ್ದಂಗ. ಒಂದು ಗಂಡಿಗೆ ಮೂರು-ನಾಲ್ಕು ಹೆಣ್ಣು ಇಡಬೇಕು. ಒಂದೇ ಇದ್ರ ಅಟ್ಟಾಡಿಸಿ ಅದರ ಜೀವ ತಿಂತೈತಿ. ಅಡಗಾಕ ಕಲ್ಲು ಬೇಕು. ಹೆಣ್ಣು ತತ್ತಿಯನ್ನ ಬಾಯಾಗ ಇಟ್ಕೊಂಡು, ಹೆಚ್ಚುಕಡಿಮಿ ಮೂರು ವಾರ ಮೇವು ಬಿಟ್ಟು ಕಾಯತೈತಿ. ಗದ್ದ ಉಬ್ಬಿರತೈತಿ, ನೋಡಿದ್ರ ಗೊತ್ತಾಗತೈತಿ. ನಮ್ಮ ಹುಡುಗರು ಟಿವಿ ಬಿಟ್ಟು ಅದನ್ನ ನೋಡ್ಕೋತ ಕೂಡ್ತಾರ.

ಕುತ್ತು ಇರೋದೂ ಆ ಬಾಯಾಗೇ. ಕಾಟ್ಲಾ, ರೋಹು ನಿಂತ ನೀರಿನಾಗ ಮರಿ ಮಾಡೂದಿಲ್ಲ. ಎಷ್ಟು ಬಿಟ್ಟೀರೋ ಅಷ್ಟೇ ಲೆಕ್ಕ. ಬಾಯಾಗ ಮರಿ ಕಾಯೋ ಮೀನಿಗೆ ಹೊಳಿ ಬೇಕಿಲ್ಲ, ಹೊಂಡಾನೇ ಸಾಕು. ಇದೇ ಮನೆತನದ, ಆಫ್ರಿಕಾದ್ದೇ ಇನ್ನೊಂದು ಮೀನು ತಿಲಾಪಿಯಾ, ನಾವು ಜಿಲೇಬಿ ಅಂತೀವಲ್ಲ ಅದು. 1952ರಾಗ ನಮ್ಮ ದೇಶಕ್ಕ ತಂದ್ರು, ಮಂದಿಗೆ ಅಗ್ಗದ ಮೀನು ಸಿಗಲಿ ಅಂತ. ಅಂಗೈ ಅಗಲ ಆಗೂದರೊಳಗ ಮರಿ ಮಾಡಾಕ ಸುರು ಮಾಡ್ತು. ಕೆರಿ ತುಂಬ ಸಣ್ಣ ಮೀನು, ತೂಗಿದ್ರ ತೂಕಿಲ್ಲ, ಉಳಿದ ಮೀನಿಗೆ ಮೇವಿಲ್ಲ. 1959ರಾಗ ಇನ್ನ ಹಬ್ಬಿಸಬ್ಯಾಡ್ರಿ ಅಂತ ನಿರ್ಬಂಧ ಹಾಕಿದ್ರು. ಅಷ್ಟೊತ್ತಿಗೆ ಕೈ ಮೀರಿತ್ತು. ಇವತ್ತಿಗೂ ಕೆರ್‍ಯಾಗ ಬಲಿ ಹಾಕಿದ್ರ ಅದೇ ಬರತೈತಿ. ಕರಿಕಿ ಕಿತ್ತು ಮುಗಿಸಿದವರು ಯಾರಾದ್ರೂ ಇದ್ರ, ಜಿಲೇಬೀನೂ ಅವರೇ ತೆಗೀಬೇಕು.

"ನಮ್ಮ ಹೊಂಡಕ್ಕ ಪ್ಲಾಸ್ಟಿಕ್ ಹಾಳಿ ಹಾಸೇವಿ, ಎಲ್ಲಿ ಹೋಗ್ತಾವ?" ಅಂತ ಒಬ್ರು ಕೇಳಿದ್ರು. ಜೋರು ಮಳಿಗೆ ಹೊಂಡ ತುಂಬಿ ಹರಿಯೂದಿಲ್ಲೇನ್ರಿ? ನಮ್ಮ ಧಾರವಾಡ ಜಿಲ್ಲಾ ನೀರು ಎರಡು ಕಡೆ ಒಡೆಯೋ ಜಾಗ. ಮೂಡಲಕ್ಕ ಹರಿದದ್ದು ಬೆಣ್ಣಿಹಳ್ಳ ಹಿಡಿದು ಮಲಪ್ರಭಾ ಸೇರತೈತಿ. ಪಡುವಲಕ್ಕ ಹರಿದದ್ದು ಶಾಲ್ಮಲಾ, ಬೇಡ್ತಿ ಹಿಡಿದು ಘಟ್ಟ ಇಳಿದು ಅರಬ್ಬಿ ಸಮುದ್ರಕ್ಕ ಹೊಕ್ಕೈತಿ. ಒಂದು ಬದುವಿನ ಆಚೆ-ಈಚೆ ಅಷ್ಟೇ ಫರಕು. ಘಟ್ಟದ ಹೊಳಿಯೊಳಗ ಬ್ಯಾರೆ ಎಲ್ಲೂ ಸಿಗದ ಮೀನು ಅದಾವ, ಅವು ಯಾರ ತಂಟೆಗೆ ಬಂದಾವ?

ಚಳಿಗೆ ಸಾಯ್ತಾವ ಅಂತೀರಿ. ಇವಕ್ಕ 24ರಿಂದ 28 ಡಿಗ್ರಿ ಬೇಕು, ಹಂಗಾಗಿ ಸತ್ರೂ ಸಾಯಬಹುದು. ಸತ್ರ ಮರಿ ವ್ಯರ್ಥ, ಬದುಕಿದ್ರ ಕೆರಿ ವ್ಯರ್ಥ. ಎರಡರಾಗ ನಿಮಗ ಲಾಭ ಯಾವುದು ಹೇಳ್ರಿ.

ಅಂದಂಗ, ಇವು ಕೆಟ್ಟ ಮೀನಂತ ನಾ ಹೇಳಾಕತ್ತಿಲ್ಲ. ಅದೇ ಆಫ್ರಿಕಾದ ವಿಕ್ಟೋರಿಯಾ ಸರೋವರಕ್ಕ ಹೊರಗಿನ ನೈಲ್ ಪರ್ಚ್ ಮೀನು ಬಿಟ್ಟು, ಅಲ್ಲಿದ್ದ ಸಿಕ್ಲಿಡ್ ಜಾತಿಗಳನ್ನೇ ಎಷ್ಟೋ ಕಳಕೊಂಡ್ರು. ಎಲ್ಲಿಯದು ಅಲ್ಲಿದ್ರ ಚಂದ.

ಸಾಕೋ ಹುರುಪಿದ್ದವರು ಖರೇನ ಬರ್ರಿ. 200 ಲೀಟರಿನ ಗಾಜಿನ ತೊಟ್ಟಿ ಇಲ್ಲಾ ಮುಚ್ಚಿದ ಸಿಮೆಂಟ್ ತೊಟ್ಟಿ ಇದ್ರ ಎಂಟು ಮರಿ ಹಂಗೇ ಕೊಡ್ತೀನಿ. ಬ್ಯಾರೆ ಜಾತಿ ಕೂಡಿಸಬ್ಯಾಡ್ರಿ, ಬೆರಕಿ ಮರಿಗೆ ಅಂಗಡಿಯವರು ಬೆಲಿ ಕಟ್ಟೂದಿಲ್ಲ. ಹೆಚ್ಚಾದದ್ದನ್ನ ಅಂಗಡಿಗೆ ಇಲ್ಲಾ ನನಗ ವಾಪಸ್ ಕೊಡ್ರಿ. ತೊಟ್ಟಿ ನೀರು ಬದಲಿಸುವಾಗ ಅರಬಿಲೆ ಸೋಸಿ ಕರಿಬೇವಿನ ಬುಡಕ್ಕ ಹಾಕ್ರಿ, ಭಾಳ ಚಲೋ ಗೊಬ್ಬರ. ಗಟಾರಕ್ಕ ಮಾತ್ರ ಬಿಡಬ್ಯಾಡ್ರಿ. ಹೊಂಡಕ್ಕ ಮೀನು ಬೇಕಂದ್ರ ಮೀನುಗಾರಿಕೆ ಇಲಾಖೆಯವರನ್ನ ಕೇಳಿ ಕಾಟ್ಲಾ, ರೋಹು ತರ್ರಿ.